ಅಳೆದೂ ಸುರಿದೂ

ಬೆಳಗ್ಗೆ ಆರೂವರೆಗೆ ಮೂಟೆ ತೂಗಿದೆ:
ನಾನೂರ ಹನ್ನೆರಡು ಕಿಲೋ.
ಬಿಸೆಂಜಿಯೊ ನದಿಯ ಮಂಜು ಆಗಲೇ
ಬಾಗಿಲಿಲ್ಲದ ಗೋದಾಮಿನೊಳಗೆ
ಯಜಮಾನನ ಹಾಗೆ ಓಡಾಡಿಕೊಂಡಿತ್ತು.

ಪ್ರಾತೊ ಊರಿನ ಈ ಓಣಿಗೆ
ಲೋಕ ಬಿಚ್ಚಿಹಾಕಿದ ಉಣ್ಣೆ ಬಂದು ಬೀಳುತ್ತದೆ.
ಯಾರದೋ ಭುಜ, ಯಾರದೋ ಮೊಣಕೈ ತೂತು,
ಜೇಬಿನ ಮೂಲೆಯಲ್ಲಿ ಮಡಿಸಿಟ್ಟ ಟ್ರಾಮಿನ ಟಿಕೇಟು.

ನನ್ನ ಕೈಯಲ್ಲಿ ನಮೂನೆ. ಹದಿನಾರು ಕಾಲಂ.
ಒಳಬಂದದ್ದೆಷ್ಟು, ಮರಳಿ ನೂಲಾದದ್ದೆಷ್ಟು,
ಮಣ್ಣುಪಾಲೆಷ್ಟು.
ಶೇಕಡಾ ತೆಗೆದು ಸಹಿ ಹಾಕುವುದು ನನ್ನ ಹೊಟ್ಟೆಪಾಡು.

ಐವತ್ತು ವರ್ಷದಿಂದ ಚಿಂದಿ ಆರಿಸುವ ಡೆಲ್ಫಿನೊ
ನಮೂನೆಯ ಕಡೆ ಕಣ್ಣೆತ್ತಲಿಲ್ಲ.
ಕಂದು ಸ್ವೆಟರೊಂದನ್ನು ಎತ್ತಿ
ಎರಡು ಬೆರಳ ನಡುವೆ ಒಮ್ಮೆ ಉಜ್ಜಿದ,
ಸಾರಿನ ಉಪ್ಪು ನೋಡುವವರ ಹಾಗೆ.
"ಎಂಬತ್ತು ಉಣ್ಣೆ, ಇಪ್ಪತ್ತು ನೈಲಾನು."
ಕುತ್ತಿಗೆಯ ಚೀಟಿ ಮಾತ್ರ ನೂರಕ್ಕೆ ನೂರು ಅನ್ನುತ್ತಿತ್ತು.
ಎಸೆದ. ಅದು ಒಣ ತಂಬಾಕಿನ ಬಣ್ಣದ ಗುಡ್ಡೆಗೆ ಬಿತ್ತು,
ಒದ್ದೆ ತೊಗಟೆಯದಕ್ಕಲ್ಲ.
ನಾನು ಕಂದು ಅಂದದ್ದು ಅವನ ಲೆಕ್ಕದಲ್ಲಿ ಒಂಬತ್ತು.

ಮತ್ತೊಂದು ಎತ್ತಿದ. "ಇದು ಮೂರನೇ ಸಲ ಬಂದಿದೆ."
"ಹೇಗೆ ಗೊತ್ತು?"
ಒಂದೆಳೆ ಕಿತ್ತು ಬೆಳಕಿಗೆ ಹಿಡಿದ.
"ಗಿಡ್ಡವಾಗಿದೆ ನೋಡು. ಸೀಳುವಾಗೆಲ್ಲ
ಯಂತ್ರದ ಹಲ್ಲು ತನ್ನ ಪಾಲು ಕಚ್ಚಿಕೊಳ್ಳುತ್ತೆ.
ಹೊಸ ಉಣ್ಣೆ ಕೈ ಹಿಡಿದರೆ ಇನ್ನೊಂದು ಸುತ್ತು ನಡೆದೀತು."

ಎಷ್ಟನೇ ಸುತ್ತು ಎಂದು ಕೇಳುವ ಕಾಲಂ ನನ್ನಲ್ಲಿಲ್ಲ.
ನನ್ನದು ಕೈವಾರ ಹಿಡಿದು ಎಳೆದ ವೃತ್ತ,
ಅವನದು ಸುತ್ತಿದಷ್ಟೂ ಕಿರಿದಾಗುವ ಸುರುಳಿ.

ಹೋದ ವರ್ಷದ್ದು ಹೇಳಲು ನಾಚಿಕೆ.
ನಲವತ್ತು ಟನ್ ಚಿಂದಿ. ಆರಿಸಿದವರು
ನಾವು ಉಳಿಸಿದೆವು ಎಂದು ಬರೆದರು,
ನೂತವರು ನಾವು ಎಂದರು,
ಕೋಟು ಹೊಲಿದವರು ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿದರು.
ನಾನು ಕೂಡಿದೆ: ನೂರಿಪ್ಪತ್ತು.
ಒಂದೇ ಹಸು ಮೂರು ಮನೆಯಲ್ಲಿ ಹಾಲು ಕರೆದಿತ್ತು.
ಯಾರೂ ಕೇಳಲಿಲ್ಲ. ಚಪ್ಪಾಳೆಯನ್ನಂತೂ
ಯಾರೂ ತೂಗುವುದಿಲ್ಲ.

ಹನ್ನೊಂದಕ್ಕೆ ಬಿಸಿಲು ಬಂತು.
ಸಿಯಾಲ್‌ಕೋಟಿನ ಶಫ್ಕತ್ ಕತ್ತರಿ ಹಿಡಿದು
ಗುಂಡಿ, ಜಿಪ್ಪು, ಅಸ್ತರು ಬೇರ್ಪಡಿಸುತ್ತಿದ್ದ.
ತವರದ ಡಬ್ಬಿಯಲ್ಲಿ ಒಂದೊಂದೇ ಟಣ್ಣೆನ್ನುತ್ತಿತ್ತು.

ಸಂಜೆ ಮತ್ತೆ ತಕ್ಕಡಿ.
ಬಣ್ಣದ ಗುಡ್ಡೆಗಳು ಮುನ್ನೂರ ಎಪ್ಪತ್ತೊಂದು.
ಗುಂಡಿ ಜಿಪ್ಪು ಒಂಬತ್ತು, ಅಸ್ತರು ಹನ್ನೆರಡು,
ಗುಡಿಸಿದ ದೂಳು ಮೂರು.
ಹದಿನೇಳು ಕಿಲೋ ಇಲ್ಲ.
ಮತ್ತೆ ತೂಗಿದೆ. ಇಲ್ಲ.

ಆಗ ನನ್ನ ಕಣ್ಣು ಎತ್ತ ಹೋಯಿತೋ
ನನಗಿಂತ ಮೊದಲು ಶಫ್ಕತ್‌ಗೆ ಗೊತ್ತಾಯಿತು.
ಎದ್ದು ನಿಂತ. ಮಾತಿಲ್ಲದೆ ಎರಡೂ ಜೇಬು ಹೊರಗೆಳೆದ:
ಒಂದು ಫೋನು, ಖರ್ಜೂರದ ಬೀಜ,
ಆ ಟ್ರಾಮಿನ ಟಿಕೇಟು.

ಡೆಲ್ಫಿನೊ ನಗಲಿಲ್ಲ. ಬೆಳಗಿನ ಬಾಗಿಲ ಕಡೆ ಕೈ ತೋರಿದ.
"ಉಣ್ಣೆ ನೀರು ಕುಡಿಯುತ್ತೆ, ಮಗಳೇ.
ನೀನು ತೂಗಿದ್ದು ನದಿಯನ್ನೂ ಸೇರಿಸಿ."

ಹದಿನೇಳು ಕಿಲೋ ಮಂಜು.
ನೂಲಾಗಲಿಲ್ಲ, ಮಣ್ಣುಪಾಲೂ ಆಗಲಿಲ್ಲ,
ಯಾರೂ ಉಳಿಸಿದೆವು ಅನ್ನಲಿಲ್ಲ.
ಬಂದ ಹಾಗೆ ಎದ್ದು ಹೋಗಿತ್ತು;
ನಾಳೆ ಆರೂವರೆಗೆ ಮತ್ತೆ ಬರುತ್ತದೆ.
ಇಡೀ ದಿನದಲ್ಲಿ ಪೂರ್ತಿ ಸುತ್ತು ಬಂದದ್ದು ಅದೊಂದೇ ಇರಬೇಕು.

ಅಳೆದೂ ಸುರಿದೂ ಕೊನೆಗೆ
ಹದಿನಾರನೇ ಕಾಲಮ್ಮಿನಲ್ಲಿ, ಇತರೆ ಎಂಬಲ್ಲಿ, ಬರೆದೆ.
ಇನ್ನೊಂದು ಬರೆಯುವುದಿತ್ತು. ಜಾಗವಿರಲಿಲ್ಲ.

ಶಫ್ಕತ್ ಹೊರಗೆಳೆದ ಜೇಬುಗಳನ್ನು
ಒಳಗೆ ತುರುಕಿಕೊಳ್ಳುತ್ತಿದ್ದ,
ಮೊದಲು ಎಡಗಡೆಯದು.